ಗ್ಯಾರೇಜಿನಲ್ಲಿ ದೆವ್ವ, ಮಗುವಿನ ಕೈಯಲ್ಲಿ ಟಾರ್ಚು

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗನಿಗೆ 8 ವರ್ಷ, ಮಗಳಿಗೆ 4. ಈ ಸಲ ಹ್ಯಾಲೋವೀನ್‌ಗೆ ನಮ್ಮ ಗ್ಯಾರೇಜಿನಲ್ಲೇ ಒಂದು ಹಾಂಟೆಡ್ ಹೌಸ್, ಅಂದರೆ ದೆವ್ವದ ಮನೆ, ಮಾಡೋಣ ಅಂತ ಮಗ ಹಟ ಹಿಡಿದಿದ್ದಾನೆ. ಬೀದಿಯ ಮಕ್ಕಳು, ಕನ್ನಡ ಶಾಲೆಯ ಮಕ್ಕಳು ಸೇರಿದರೆ ಮೂವತ್ತು ಜನ ಆಗಬಹುದು. ಮೂರು ವರ್ಷದವರೂ ಇದ್ದಾರೆ, ಹನ್ನೆರಡರ ಹುಡುಗರೂ ಇದ್ದಾರೆ. ಚಿಕ್ಕವರು ಅಳಬಾರದು, ದೊಡ್ಡವರು ‘ಬೋರು’ ಅನ್ನಬಾರದು, ಖರ್ಚು 150 ಡಾಲರ್ ದಾಟಬಾರದು. ಊರಿಂದ ಅತ್ತೆ-ಮಾವ ಬಂದಿದ್ದಾರೆ. ಮನೆಗೆ ದೆವ್ವ ಕರೆಯೋದು ಒಳ್ಳೆಯದಲ್ಲ ಅಂತ ಅತ್ತೆಗೆ ಬೇಸರ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಗಳಿಂದ ಶುರು ಮಾಡಿ. ಅಂಗಡಿಯಿಂದ ಬೇಡ, ಮಗನ ಪಟ್ಟಿಯಿಂದಲೂ ಬೇಡ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಬೆಂಗಳೂರಿನಲ್ಲಿದ್ದಾಗ ಹವ್ಯಾಸಿ ನಾಟಕಗಳಿಗೆ ಲೈಟಿಂಗ್ ಮಾಡಿಕೊಂಡಿದ್ದವನು ನಾನು. ಇಲ್ಲಿಗೆ ಬಂದ ಮೇಲೆ ಕೈ ತುರಿಸುತ್ತಿತ್ತು. ಗ್ಯಾರೇಜಿನಲ್ಲಿ ಮೊದಲ ಸಲ ಹಾಂಟ್ ಮಾಡಿದಾಗ ಹತ್ತು ವರ್ಷದ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದೆ. ರಬ್ಬರ್ ಮುಖವಾಡ ಹಾಕಿಕೊಂಡು ಹಳೇ ಫ್ರಿಜ್ ಹಿಂದಿನಿಂದ ಹಾರಿದೆ. ದೊಡ್ಡ ಹುಡುಗರು ಕಿರುಚಿ ನಕ್ಕರು. ಅವರ ಹಿಂದೆಯೇ ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗ ಬಂದಿದ್ದ. ಅವನು ಕಿರುಚಲಿಲ್ಲ. ನಿಂತಲ್ಲೇ ನಿಂತ. ಉಸಿರೂ ಬಿಡಲಿಲ್ಲ. ನಾನು ಗಾಬರಿಯಾಗಿ ಮುಖವಾಡ ತೆಗೆದು ‘ನಾನೇ ಕಣೋ’ ಅಂದೆ. ಆಗ ಶುರುವಾಯಿತು ನೋಡಿ ಅಳು! ಆ ವಯಸ್ಸಿಗೆ ಮುಖವಾಡ ಅಂದರೆ ಮುಖದ ಮೇಲೆ ಹಾಕಿದ ವಸ್ತು ಅಲ್ಲ. ಮುಖವೇ ಬದಲಾಯಿತು ಅಂತ. ಒಂದು ಸಲ ಬದಲಾದದ್ದು ಇನ್ನೊಂದು ಸಲ ಬದಲಾಗಬಹುದಲ್ವಾ? ಆ ಹುಡುಗ ಮುಂದಿನ ಯುಗಾದಿ ಹೋಳಿಗೆಗೂ ನಮ್ಮ ಮನೆಗೆ ಬರಲಿಲ್ಲ.

ಮೂರರಿಂದ ಆರು ವರ್ಷದವರೆಗೆ ನಿಜ ಯಾವುದು, ಆಟ ಯಾವುದು ಎಂಬ ಗೆರೆ ಇನ್ನೂ ಹಸಿ. ಏಳು-ಎಂಟಾದ ಮೇಲೆ ಆ ಗೆರೆ ಗಟ್ಟಿಯಾಗುತ್ತದೆ. ಆಮೇಲೆ ಹೆದರುವುದೇ ಒಂದು ಮಜಾ. ಹಾಗಂತ ಚಿಕ್ಕವರಿಗೆ ಹೆದರಿಕೆ ಬೇಡವೇ ಬೇಡ ಅಂತಲ್ಲ. ಅವರೂ ಕಣ್ಣಾಮುಚ್ಚಾಲೆ ಆಡುತ್ತಾರೆ, ಕಂಬಳಿ ಹೊದ್ದು ‘ಭೂ’ ಅನ್ನುತ್ತಾರೆ. ಹೆದರಿಕೆಯ ಹಗ್ಗ ತಮ್ಮ ಕೈಲಿದ್ದರೆ ಅವರಿಗೆ ಖುಷಿ. ಇನ್ನೊಬ್ಬರ ಕೈಲಿದ್ದರೆ ಅಳು. ನಾನು ಇಷ್ಟು ವರ್ಷ ಮಾಡಿರುವುದೆಲ್ಲ ಆ ಹಗ್ಗವನ್ನು ಮಗುವಿನ ಕೈಗೆ ಕೊಡುವ ಕೆಲಸ.

ಹೇಗೆ ಕೊಡುವುದು? ಟಾರ್ಚ್ ಕೊಟ್ಟು. ಬಾಗಿಲಲ್ಲಿ ಪ್ರತಿ ಚಿಕ್ಕ ಮಗುವಿನ ಕೈಗೂ ಒಂದು ಪುಟ್ಟ ಎಲ್‌ಇಡಿ ಟಾರ್ಚ್ ಕೊಡಿ. ‘ಇದು ಮಂತ್ರದ ದೀಪ. ದೆವ್ವದ ಹೊಟ್ಟೆ ಮೇಲೆ ಇದರ ಬೆಳಕು ಬಿದ್ದರೆ ಅದು ಕಲ್ಲಾಗುತ್ತೆ’ ಅಂತ ಹೇಳಿ. ಒಳಗಿರುವ ನಿಮ್ಮ ದೆವ್ವಗಳು ಬೆಳಕು ಬಿದ್ದ ಕ್ಷಣ ನಿಜವಾಗಿ ಕಲ್ಲಾಗಬೇಕು. ಎತ್ತಿದ ಕೈ ಎತ್ತಿದಲ್ಲೇ, ತೆರೆದ ಬಾಯಿ ತೆರೆದಲ್ಲೇ. ಮೊದಲ ದೆವ್ವ ಕಲ್ಲಾದದ್ದನ್ನು ನೋಡಿದ ಮಗುವಿನ ಮುಖ ನೋಡಬೇಕು ನೀವು. ಎರಡನೇ ದೆವ್ವವನ್ನು ಅದೇ ಹುಡುಕಿಕೊಂಡು ಹೋಗುತ್ತದೆ. ಬೇಕಂತಲೇ ಟಾರ್ಚ್ ಆರಿಸಿ, ದೆವ್ವ ಅಲ್ಲಾಡಿದ ಕೂಡಲೇ ಹೊತ್ತಿಸಿ, ಮತ್ತೆ ಆರಿಸಿ ಆಟ ಆಡಿಸುತ್ತದೆ. ಹೊಟ್ಟೆ ಮೇಲೆ ಅಂತ ಯಾಕೆ ಹೇಳಬೇಕು ಅಂದರೆ, ಇಲ್ಲದಿದ್ದರೆ ಎಲ್ಲ ಟಾರ್ಚೂ ನಿಮ್ಮ ದೆವ್ವಗಳ ಕಣ್ಣಿಗೇ ಬೀಳುತ್ತವೆ!

ದೊಡ್ಡ ಮಕ್ಕಳಿಗೆ ತಲೆಗೊಂದು ಟಾರ್ಚ್ ಕೊಡಬೇಡಿ. ಅಷ್ಟೇ ವ್ಯತ್ಯಾಸ. ಅದೇ ಗ್ಯಾರೇಜ್, ಅದೇ ದೆವ್ವ. ಟಾರ್ಚ್ ಇಲ್ಲದಿದ್ದರೆ ಬೇರೆಯೇ ಊರು. ನಾಲ್ಕು ಜನರ ಗುಂಪಿಗೆ ಒಂದೇ ಟಾರ್ಚ್, ಅದೂ ಮಿಣುಕು ಮಿಣುಕು ಅನ್ನುವಂಥದ್ದು ಕೊಟ್ಟರೆ ಹನ್ನೆರಡರ ಹುಡುಗರೂ ಒಬ್ಬರ ಅಂಗಿ ಒಬ್ಬರು ಹಿಡಿದುಕೊಳ್ಳುತ್ತಾರೆ.

ಹೊತ್ತನ್ನೂ ಎರಡು ಪಾಳಿ ಮಾಡಿ. ಅಕ್ಟೋಬರ್ 31ಕ್ಕೆ ನಿಮ್ಮಲ್ಲಿ ಸೂರ್ಯ ಮುಳುಗುವುದು ಸಂಜೆ 6ಕ್ಕೆ ಸ್ವಲ್ಪ ಮುಂಚೆ. 2007ರಿಂದ ಅಮೆರಿಕದಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸುವುದು ನವೆಂಬರಿನ ಮೊದಲ ಭಾನುವಾರಕ್ಕೆ ಹೋಗಿದೆ. ಹಾಗಾಗಿ ಹ್ಯಾಲೋವೀನ್ ದಿನ ಆ ಒಂದು ಗಂಟೆ ಬೆಳಕು ಯಾವಾಗಲೂ ಸಿಗುತ್ತದೆ. 5ರಿಂದ 6 ಚಿಕ್ಕವರ ಹೊತ್ತು. ಗ್ಯಾರೇಜಿನ ದೊಡ್ಡ ಬಾಗಿಲು ಅರ್ಧ ತೆರೆದೇ ಇರಲಿ, ಒಳಗೆ ಮಬ್ಬು ಬೆಳಕು ಸಾಕು. 7ರ ಮೇಲೆ ದೊಡ್ಡವರ ಹೊತ್ತು. ನಡುವಿನ ಒಂದು ಗಂಟೆ ಎಲ್ಲರೂ ಹ್ಯಾಲೋವೀನ್ ಪದ್ಧತಿಯಂತೆ ಮನೆ ಮನೆ ಸುತ್ತಿ ಕ್ಯಾಂಡಿ ತರಲಿ. ನಿಮಗೂ ಕಾಫಿ ಕುಡಿಯಲು ಹೊತ್ತು ಬೇಕಲ್ಲ.

ಈಗ ಜಾಗದ ಲೆಕ್ಕ. ಎರಡು ಕಾರಿನ ಗ್ಯಾರೇಜ್ ಅಂದರೆ ಸಾಮಾನ್ಯವಾಗಿ 20 ಅಡಿಗೆ 20 ಅಡಿ, ಕೆಲವು ಕಡೆ ಸ್ವಲ್ಪ ಜಾಸ್ತಿ. ಮಧ್ಯೆ ಎರಡು ಪರದೆ ಇಳಿಬಿಟ್ಟರೆ ಮೂರು ಓಣಿ ಆಗುತ್ತದೆ. ಒಂದೊಂದು ಓಣಿ ಆರೂವರೆ ಅಡಿ ಅಗಲ. ಹಾವಿನ ಹಾಗೆ ಹೋಗಿ ಬಂದರೆ ಹತ್ತಿರ ಹತ್ತಿರ 60 ಅಡಿ ದಾರಿ. ಕತ್ತಲಲ್ಲಿ 60 ಅಡಿ ಅಂದರೆ ಮಕ್ಕಳಿಗೆ ಮೈಲಿ. ಪ್ರತಿ ಓಣಿಯಲ್ಲೂ ನಾಲ್ಕು ಅಡಿ ನಡೆಯಲು ಬಿಡಿ, ಉಳಿದ ಎರಡೂವರೆ ಅಡಿ ದೆವ್ವಗಳಿಗೆ. ಸ್ಟ್ರಾಲರ್ ತಳ್ಳಿಕೊಂಡು ಬರುವವರು ಇರುತ್ತಾರೆ, ವೀಲ್‌ಚೇರಿನಲ್ಲಿ ಬರುವ ಮಗುವೂ ಇರಬಹುದು. ನಾಲ್ಕು ಅಡಿಗಿಂತ ಕಮ್ಮಿ ಮಾಡಬೇಡಿ. ನಾಲ್ಕು ಮಕ್ಕಳ ಗುಂಪು, ಗುಂಪಿಗೆ ಮೂರು ನಿಮಿಷ ಅಂದರೂ ಮೂವತ್ತು ಮಕ್ಕಳು ಅರ್ಧ ಗಂಟೆಯಲ್ಲಿ ಮುಗಿಯುತ್ತಾರೆ. ಎಲ್ಲರೂ ‘ಇನ್ನೊಂದ್ಸಲ’ ಅನ್ನುತ್ತಾರೆ, ಅದಕ್ಕೂ ಹೊತ್ತಿದೆ.

ಪರದೆ ಕಟ್ಟಿದ ಮೇಲೆ ಒಂದು ಕೆಲಸ ಮಾಡಿ. ಮಂಡಿಯೂರಿ ಆ ಇಡೀ ದಾರಿ ನಡೆಯಿರಿ. ನಿಮ್ಮ ಮಗಳ ಕಣ್ಣು ನೆಲದಿಂದ ಮೂರು ಅಡಿ ಎತ್ತರದಲ್ಲಿದೆ. ನಾವು ದೊಡ್ಡವರು ಅಲಂಕಾರ ಎಲ್ಲ ಐದೂವರೆ ಅಡಿಯಲ್ಲಿ ಕಟ್ಟುತ್ತೇವೆ. ಅವಳಿಗೆ ಕಾಣುವುದು ಮೇಜಿನ ಕಾಲು, ವೈರು, ಪರದೆಯ ಅಂಚಿನ ಸೇಫ್ಟಿ ಪಿನ್ನು. ಮಂಡಿಯೂರಿದಾಗಲೇ ಗೊತ್ತಾಗುತ್ತದೆ ಯಾವ ತಂತಿ ಕಣ್ಣಿಗೆ ಚುಚ್ಚುತ್ತದೆ, ಯಾವ ದೆವ್ವ ಅವಳ ಮೂಗಿಗೇ ತಾಗುತ್ತದೆ ಅಂತ.

ಮೊದಲ ಓಣಿಗೆ ನಿಮ್ಮ ಮಾವನವರ ಪಂಚೆಗಳು ಬೇಕು. ತಮಾಷೆ ಅಲ್ಲ. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ಒಂದು ರಾಸಾಯನಿಕ ಇರುತ್ತದೆ. ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಬೆಳಕನ್ನು ಕುಡಿದು ಅದನ್ನು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಹಗಲಲ್ಲಿ ಇದು ಬರೀ ‘ಬೆಳ್ಳಗೆ’ ಅನ್ನಿಸುತ್ತದೆ. ಕತ್ತಲಲ್ಲಿ ಬ್ಲ್ಯಾಕ್‌ಲೈಟ್, ಅಂದರೆ ಅಲ್ಟ್ರಾವಯೊಲೆಟ್ ಬಲ್ಬ್, ಹಾಕಿದರೆ ಪಂಚೆ ತಾನೇ ತಾನಾಗಿ ಉರಿಯುವ ಹಾಗೆ ಕಾಣುತ್ತದೆ. ವಾಷಿಂಗ್ ಮೆಷಿನ್ನಿನಲ್ಲಿ ಹತ್ತು ಸಲ ಒಗೆದ ಪಂಚೆಯಷ್ಟು ಒಳ್ಳೆಯ ದೆವ್ವ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಬಲೂನಿನ ಮೇಲೆ ಪಂಚೆ ಇಳಿಬಿಟ್ಟು, ಮೀನಿನ ಗಾಳದ ದಾರದಲ್ಲಿ ಸೂರಿಗೆ ಕಟ್ಟಿ, ಕೆಳಗೆ ಸಣ್ಣ ಫ್ಯಾನ್ ಇಡಿ. ಐದಾರು ಪಂಚೆ ಸಾಕು, ಓಣಿ ತುಂಬುತ್ತದೆ. ಬಲ್ಬ್ ಕೊಳ್ಳುವಾಗ ಬೆಳಕಿನ ಅಲೆಯ ಉದ್ದ ಹೇಳುವ ನ್ಯಾನೋಮೀಟರ್ ಸಂಖ್ಯೆ ನೋಡಿ. 395 ಅಂತ ಬರೆದಿರುವುದು ಅಗ್ಗ, ಆದರೆ ಇಡೀ ಜಾಗವನ್ನು ನೇರಳೆ ಮಾಡುತ್ತದೆ. 365 ಸ್ವಲ್ಪ ದುಬಾರಿ, ಕತ್ತಲು ಕತ್ತಲಾಗಿಯೇ ಉಳಿದು ಪಂಚೆ ಮಾತ್ರ ಹೊಳೆಯುತ್ತದೆ. ಎರಡನ್ನೂ ಮಕ್ಕಳ ಕಣ್ಣಿಗೆ ನೇರ ಬೀಳದ ಹಾಗೆ ಮೇಲಿನಿಂದ ಗೋಡೆ ಕಡೆ ತಿರುಗಿಸಿ. ಅಲ್ಲೇ ಒಂದು ಶೆಲ್ಫಿನ ಮೇಲೆ ಟಾನಿಕ್ ವಾಟರ್ ಬಾಟಲಿಗಳನ್ನು ಸಾಲಾಗಿಡಿ. ಅದರಲ್ಲಿರುವ ಕ್ವಿನೈನ್ ಅದೇ ಬೆಳಕಿಗೆ ತಿಳಿನೀಲಿಯಾಗಿ ಹೊಳೆಯುತ್ತದೆ. ಮಾಟಗಾತಿಯ ಔಷಧಿ ಅಂಗಡಿ ತಯಾರು.

ಎರಡನೇ ಓಣಿಗೆ ಬರುವ ಮುಂಚೆ ಸ್ವಲ್ಪ ಹಳೇ ಕಥೆ ಹೇಳುತ್ತೇನೆ. ಮನೆಯಲ್ಲಿ ಹಾಂಟೆಡ್ ಹೌಸ್ ಮಾಡುವುದು ಅಂಗಡಿಯವರು ಹುಟ್ಟಿಸಿದ ಖಯಾಲಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಇದನ್ನು ಶುರು ಮಾಡಿದವರು ಅಪ್ಪ-ಅಮ್ಮಂದಿರು. 1930ರ ದಶಕ, ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಹ್ಯಾಲೋವೀನ್ ರಾತ್ರಿ ಹುಡುಗರ ಕಿತಾಪತಿ ಮಿತಿ ಮೀರಿತ್ತು. ಬೀದಿ ದೀಪ ಒಡೆಯುವುದು, ಕಾರು ಮಗುಚಿ ಹಾಕುವುದು, ಬೆಂಕಿ ಹಚ್ಚುವುದು. ಇವರನ್ನು ಬೀದಿಯಿಂದ ಒಳಗೆ ಕರೆಯಲು ದೊಡ್ಡವರು ಮನೆಯ ನೆಲಮಾಳಿಗೆಯಲ್ಲಿ ‘ಹೆದರಿಕೆಯ ದಾರಿ’ ಮಾಡಿದರು. ನಾಲ್ಕಾರು ಮನೆಯವರು ಸೇರಿ, ಮನೆಯಿಂದ ಮನೆಗೆ ಒಂದೊಂದು ದೃಶ್ಯ. 1937ರ ಒಂದು ಪಾರ್ಟಿ ಕೈಪಿಡಿಯಲ್ಲಿ ಇದರ ವಿಧಾನವೇ ಇದೆ: ಗೋಡೆಗೆ ಹಳೇ ತುಪ್ಪಳ ಮತ್ತು ಹಸಿ ಲಿವರ್ ಚೂರು ನೇತುಹಾಕಿ, ಸೂರಿನಿಂದ ಒದ್ದೆ ಸ್ಪಂಜು ಇಳಿಬಿಡಿ, ಮಕ್ಕಳು ಕತ್ತಲಲ್ಲಿ ತಡವಿಕೊಂಡು ಬರಲಿ. ದುಡ್ಡಿಲ್ಲದ ಕಾಲದ ಬುದ್ಧಿ ನೋಡಿ. ಕಣ್ಣಿಗೆ ಏನೂ ಕಾಣಬೇಕಾಗಿಲ್ಲ, ಕೈಗೆ ಸಿಕ್ಕರೆ ಸಾಕು.

ಲಿವರ್ ಬೇಡ. ನಿಮ್ಮ ಅಡುಗೆಮನೆಯಲ್ಲೇ ಅದಕ್ಕಿಂತ ಒಳ್ಳೆಯ ಸಾಮಾನಿದೆ. ಎರಡನೇ ಓಣಿಯಲ್ಲಿ ಒಂದು ಉದ್ದ ಮೇಜು, ಅದರ ಮೇಲೆ ಐದು ರಟ್ಟಿನ ಪೆಟ್ಟಿಗೆ, ಪ್ರತಿಯೊಂದಕ್ಕೂ ಕೈ ಹೋಗುವಷ್ಟು ತೂತು. ಒಂದರಲ್ಲಿ ಬೇಯಿಸಿ ಎಣ್ಣೆ ಹಚ್ಚಿ ಫ್ರಿಜ್ಜಿನಲ್ಲಿಟ್ಟ ಶಾವಿಗೆ. ಇನ್ನೊಂದರಲ್ಲಿ ನೆನೆಸಿದ ಕಾಮಕಸ್ತೂರಿ ಬೀಜ, ಲೋಳೆ ಲೋಳೆಯಾಗಿ ಕಪ್ಪೆ ಮೊಟ್ಟೆ ಅನ್ನಿಸುತ್ತದೆ. ಮೂರನೆಯದಕ್ಕೆ ಡಬ್ಬಿಯ ಲಿಚಿ ಹಣ್ಣು. ಅಮೆರಿಕನ್ನರು ಕಣ್ಣುಗುಡ್ಡೆ ಅಂತ ಸಿಪ್ಪೆ ಸುಲಿದ ದ್ರಾಕ್ಷಿ ಇಡುತ್ತಾರೆ. ನಾನು ಇಡುವುದಿಲ್ಲ. ಚಿಕ್ಕ ಮಕ್ಕಳು ಸುಮ್ನೆ ಬಾಯಿಗೆ ಹಾಕಿಕೊಂಡುಬಿಡುತ್ತಾರೆ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವ ಗಾತ್ರ. ಲಿಚಿ ಇಟ್ಟರೂ ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಲಿ. ನಾಲ್ಕನೆಯದರಲ್ಲಿ ತೆಂಗಿನಕಾಯಿ ಜುಟ್ಟು. ಐದನೆಯ ಪೆಟ್ಟಿಗೆಯಲ್ಲಿ ಏನೂ ಇಡಬೇಡಿ. ಬರೀ ಖಾಲಿ. ಎಲ್ಲಕ್ಕಿಂತ ಜಾಸ್ತಿ ಕಿರುಚಾಟ ಬರುವುದು ಅದರಿಂದಲೇ. ನಾಲ್ಕರಲ್ಲಿ ಏನೇನೋ ಸಿಕ್ಕಿ ಐದನೆಯದರಲ್ಲಿ ಕೈ ಆಡಿಸಿದಷ್ಟೂ ಏನೂ ಸಿಗದಿದ್ದರೆ ಮನಸ್ಸು ತಾನೇ ಏನೋ ಹುಟ್ಟಿಸಿಕೊಳ್ಳುತ್ತದೆ. ಕಡಲೆಬೀಜ, ಗೋಡಂಬಿ ತರಹದ್ದು ಯಾವುದನ್ನೂ ಪೆಟ್ಟಿಗೆಗೆ ಹಾಕಬೇಡಿ. ಮುಟ್ಟಿದರೇ ಅಲರ್ಜಿ ಆಗುವ ಮಕ್ಕಳಿದ್ದಾರೆ. ಕೊನೆಗೆ ಒದ್ದೆ ಟಿಶ್ಯೂ ಇಡಿ.

ಮೂರನೇ ಓಣಿ ನನ್ನ ಅಚ್ಚುಮೆಚ್ಚಿನದು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗುವಾಗ ಕಿಟಕಿ ಗಾಜು ನೋಡಿದ್ದೀರಲ್ವಾ? ಒಳಗೆ ಲೈಟ್ ಇದ್ದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ, ಹೊರಗಿನ ಮರಗಳ ನಡುವೆ ತೇಲುವ ಹಾಗೆ. ಕಂಡಕ್ಟರ್ ಲೈಟ್ ಆರಿಸಿದ ಕೂಡಲೇ ಮುಖ ಮಾಯ, ಮರ ಮಾತ್ರ. ಇಷ್ಟೇ ವಿದ್ಯೆ. ಇದಕ್ಕೆ ‘ಪೆಪ್ಪರನ ದೆವ್ವ’ ಅಂತ ಹೆಸರು. ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನ ಯೋಚನೆ ಇದು. ಅದನ್ನು ಸುಧಾರಿಸಿ 1862ರ ಕ್ರಿಸ್ಮಸ್ ಹೊತ್ತಿಗೆ ಲಂಡನ್ನಿನ ವೇದಿಕೆಗೆ ತಂದವನು ಜಾನ್ ಹೆನ್ರಿ ಪೆಪ್ಪರ್. ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್‌ನಲ್ಲಿ ನೃತ್ಯ ಮಾಡುವ ದೆವ್ವಗಳೂ ಇದೇ ಉಪಾಯ, ಗಾಜು ಮಾತ್ರ ಭಾರಿ ದೊಡ್ಡದು.

ನಿಮಗೆ ಬೇಕಾದದ್ದು ಎರಡು ಅಡಿಗೆ ಮೂರು ಅಡಿಯ ಒಂದು ಅಕ್ರಿಲಿಕ್ ಹಾಳೆ. ಗಾಜು ಬೇಡ, ಒಡೆದರೆ ಕಷ್ಟ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಗೊಳ್ಳಿ, ಟಿವಿ ಬಂದ ಪೆಟ್ಟಿಗೆ ಆದರೆ ಚೆನ್ನ. ಒಳಗೆಲ್ಲ ಕಪ್ಪು ಬಣ್ಣ ಬಳಿಯಿರಿ. ಒಂದು ಪುಟ್ಟ ಕುರ್ಚಿಯನ್ನೋ ಗೊಂಬೆಮನೆಯನ್ನೋ ಒಳಗೆ ಹಿಂದೆ ಇಡಿ. ಅದರ ಮುಂದೆ ಅಕ್ರಿಲಿಕ್ ಹಾಳೆಯನ್ನು ಓರೆಯಾಗಿ, ಸರಿಯಾಗಿ 45 ಡಿಗ್ರಿ ನಿಲ್ಲಿಸಿ. ಪಕ್ಕದಲ್ಲಿ, ಮಕ್ಕಳ ಕಣ್ಣಿಗೆ ಕಾಣದ ಮರೆಯಲ್ಲಿ ಒಂದು ಟ್ಯಾಬ್ಲೆಟ್ ನಿಲ್ಲಿಸಿ, ಅದರ ಪರದೆ ಹಾಳೆ ಕಡೆಗಿರಲಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬಟ್ಟೆ ಹೊದ್ದ ನಿಮ್ಮ ಮಗಳದ್ದೇ ವಿಡಿಯೊ ಅದರಲ್ಲಿ ಓಡಲಿ. ಎದುರಿನಿಂದ ನೋಡುವವರಿಗೆ ಅವಳು ಕುರ್ಚಿಯ ಹತ್ತಿರ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಾಳೆ, ಮೈ ಆರಪಾರು. ಟ್ಯಾಬ್ಲೆಟ್ ಹಾಳೆಯಿಂದ ಎಷ್ಟು ದೂರ ಇದೆಯೋ ದೆವ್ವ ಹಾಳೆಯ ಹಿಂದೆ ಅಷ್ಟೇ ದೂರದಲ್ಲಿ ಕಾಣುತ್ತದೆ. ಕುರ್ಚಿಯನ್ನು ಅದೇ ದೂರಕ್ಕೆ ಸರಿಸಿದರೆ ದೆವ್ವ ಅದರ ಮೇಲೇ ಕೂರುತ್ತದೆ. ಇದನ್ನು ಹೊಂದಿಸಲು ನನಗೆ ಮೊದಲ ಸಲ ಒಂದು ಇಡೀ ಶನಿವಾರ ಬೇಕಾಯಿತು. ನೀವು ಎರಡು ಗಂಟೆಯಲ್ಲಿ ಮುಗಿಸುತ್ತೀರಿ. ಈ ಪೆಟ್ಟಿಗೆ ಹತ್ತಿರ ಮಾತ್ರ ಟಾರ್ಚ್ ಆರಿಸಲು ಹೇಳಿ, ಬೆಳಕು ಬಿದ್ದರೆ ದೆವ್ವ ಮಾಯವಾಗಿ ಬಸ್ಸಿನ ಕಥೆ ಉಲ್ಟಾ ಆಗುತ್ತದೆ.

ಮಗಳನ್ನೇ ದೆವ್ವ ಮಾಡಿ ಅಂದದ್ದು ಸುಮ್ನೆ ಅಲ್ಲ. ಪಂಚೆಗಳಿಗೆ ಕಣ್ಣು ಬರೆಯುವುದು, ಹೆಸರಿಡುವುದು ಎಲ್ಲ ಅವಳ ಕೆಲಸ ಆಗಲಿ. ಹಗಲಲ್ಲಿ, ಲೈಟ್ ಹಾಕಿಕೊಂಡು. ತಾನೇ ಹೆಸರಿಟ್ಟ ದೆವ್ವಕ್ಕೆ ಯಾರೂ ಹೆದರುವುದಿಲ್ಲ. ಸಂಜೆ ಅವಳೇ ಬಾಗಿಲಲ್ಲಿ ನಿಂತು ಬೇರೆ ಮಕ್ಕಳಿಗೆ ‘ಅದು ಚಿಂಟು, ಕಚ್ಚಲ್ಲ’ ಅಂತ ಹೇಳುತ್ತಾಳೆ.

ಹನ್ನೆರಡರ ಹುಡುಗರ ಬಗ್ಗೆ ನಿಮಗೆ ಚಿಂತೆ. ಅವರನ್ನು ಅತಿಥಿಗಳ ಪಟ್ಟಿಯಿಂದ ತೆಗೆದು ಕೆಲಸಕ್ಕೆ ಹಾಕಿ. ದೆವ್ವ ಆಗುವುದು ದೆವ್ವ ನೋಡುವುದಕ್ಕಿಂತ ಎಷ್ಟೋ ಮೇಲು. ಹಿಂದಿನ ದಿನ ಕರೆಸಿ ಕಟ್ಟುನಿಟ್ಟಾಗಿ ಹೇಳಿ: ಯಾರನ್ನೂ ಮುಟ್ಟಬಾರದು, ಅಟ್ಟಿಸಿಕೊಂಡು ಹೋಗಬಾರದು, ದಾರಿಗೆ ಅಡ್ಡ ನಿಲ್ಲಬಾರದು. ಹಾಂಟ್ ಮಾಡುವವರಲ್ಲಿ ಒಂದು ಮಾತಿದೆ, ‘ಮುಂದಕ್ಕೆ ಹೆದರಿಸು’ ಅಂತ. ಎದುರಿನಿಂದ ಹಾರಿದರೆ ಮಕ್ಕಳು ಹಿಂದಕ್ಕೆ ಓಡುತ್ತಾರೆ, ಹಿಂದೆ ಬರುತ್ತಿರುವವರಿಗೆ ಡಿಕ್ಕಿ ಹೊಡೆಯುತ್ತಾರೆ. ಪಕ್ಕದಿಂದಲೋ ಸ್ವಲ್ಪ ಹಿಂದಿನಿಂದಲೋ ಸದ್ದು ಬಂದರೆ ಮುಂದೆ, ಅಂದರೆ ಹೊರದಾರಿ ಕಡೆ ಹೋಗುತ್ತಾರೆ. ಮಗು ಅತ್ತರೆ ದೆವ್ವ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮಾಮೂಲಿ ದನಿಯಲ್ಲಿ ತನ್ನ ಹೆಸರು ಹೇಳಿ, ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಬೇಕು. ರಬ್ಬರ್ ಮುಖವಾಡ ಬೇಡವೇ ಬೇಡ. ಮುಖಕ್ಕೆ ಬಣ್ಣ ಬಳಿದರೆ ಸಾಕು, ಅದನ್ನೂ ಮಕ್ಕಳ ಎದುರೇ ಬಳಿದರೆ ಇನ್ನೂ ಒಳ್ಳೆಯದು.

ಈಗ ತಮಾಷೆ ಇಲ್ಲದ ವಿಷಯ. ನಿಮ್ಮದೇ ರಾಜ್ಯದ ಜ್ಯಾಕ್ಸನ್ ಊರಿನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನಲ್ಲಿ 1984ರ ಮೇ 11ರಂದು ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಬಿದ್ದು ಎಂಟು ಜನ ಹರೆಯದವರು ಸತ್ತರು. ಕತ್ತಲಲ್ಲಿ ದಾರಿ ಕಾಣದೆ ಯಾರೋ ಲೈಟರ್ ಹಚ್ಚಿದ್ದು ಗೋಡೆಯ ಫೋಮ್‌ಗೆ ತಗುಲಿತು ಎನ್ನುತ್ತಾರೆ. ಬೆಂಕಿ ಬಿದ್ದರೆ ತಾನೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಆಮೇಲೆಯೇ ಅಮೆರಿಕದಲ್ಲಿ ಇಂಥ ಜಾಗಗಳ ಬೆಂಕಿ ನಿಯಮಗಳು ಬಿಗಿಯಾದದ್ದು. ಮಕ್ಕಳ ಕೈಗೆ ಟಾರ್ಚ್ ಕೊಡಿ ಅಂದೆನಲ್ಲ, ಅದಕ್ಕೆ ಈ ಕಾರಣವೂ ಇದೆ. ದೊಡ್ಡವರ ಗುಂಪಿಗೂ ಒಂದಾದರೂ ಇರಲೇಬೇಕು. ನಿಜವಾದ ಮೇಣದ ಬತ್ತಿ ಒಂದೂ ಬೇಡ, ಕುಂಬಳಕಾಯಿಯ ಒಳಗೂ ಬ್ಯಾಟರಿ ದೀಪ. ಫೋಮ್, ಥರ್ಮಾಕೋಲ್, ಒಣ ಹುಲ್ಲು ಬೇಡ. ಪರದೆಗೆ ಕಪ್ಪು ಪ್ಲಾಸ್ಟಿಕ್ ಶೀಟ್ ಕೊಳ್ಳುವಾಗ ‘ಫ್ಲೇಮ್ ರಿಟಾರ್ಡೆಂಟ್’ (ಬೇಗ ಬೆಂಕಿ ಹಿಡಿಯದ್ದು) ಅಂತ ಬರೆದಿದೆಯೇ ನೋಡಿ, ಸ್ವಲ್ಪ ಜಾಸ್ತಿ ಕೊಟ್ಟರೂ ಚಿಂತೆಯಿಲ್ಲ. ಬಿಸಿಯಾಗುವ ಬಲ್ಬ್ ಬಿಟ್ಟು ಎಲ್ಲ ಎಲ್‌ಇಡಿ ಹಾಕಿ. ಗ್ಯಾರೇಜಿನ ದೊಡ್ಡ ಬಾಗಿಲನ್ನು ಯಾವ ಹೊತ್ತಿನಲ್ಲೂ ಪೂರ್ತಿ ಮುಚ್ಚಬೇಡಿ. ಕತ್ತಲು ಬೇಕಿದ್ದರೆ ಪರದೆ ಇಳಿಬಿಡಿ, ನುಗ್ಗಿದರೆ ಹೊರಗೆ ಬರುವ ಹಾಗಿರಲಿ. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂದು ಎಲ್ಲ ದೊಡ್ಡವರಿಗೂ ಗೊತ್ತಿರಲಿ. ಮೇನ್ ಲೈಟಿನ ಸ್ವಿಚ್ ಹತ್ತಿರ ಒಬ್ಬರು ಕೂತೇ ಇರಬೇಕು, ಬೇರೆ ಯಾವ ಕೆಲಸವೂ ಅವರಿಗೆ ಬೇಡ.

ಹೊಗೆ ಯಂತ್ರದ ಆಸೆ ಮಗನಿಗೆ ಖಂಡಿತ ಇರುತ್ತದೆ. ನನ್ನ ಮಾತು ಕೇಳಿದರೆ ಈ ವರ್ಷ ಬಿಡಿ. ನಾನು ಒಂದು ವರ್ಷ ಇಟ್ಟಿದ್ದೆ. ಯಾರೋ ಅಡುಗೆಮನೆ ಬಾಗಿಲು ತೆರೆದಿಟ್ಟರು, ಹೊಗೆ ಒಳಗೆ ಹೋಗಿ ಅಲಾರಂ ಹೊಡೆದುಕೊಂಡಿತು, ಹತ್ತು ನಿಮಿಷಕ್ಕೆ ಫೈರ್ ಟ್ರಕ್ ಬಂತು. ಮಕ್ಕಳ ಪ್ರಕಾರ ಇಡೀ ಸಂಜೆಯ ಅತ್ಯುತ್ತಮ ದೃಶ್ಯ ಅದೇ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಆ ದ್ರವ ನೀರು ಮತ್ತು ಗ್ಲೈಕಾಲ್‌ನದ್ದು. ಸಿಮೆಂಟ್ ನೆಲದ ಮೇಲೆ ಕೂತರೆ ಜಾರುತ್ತದೆ, ಆಸ್ತಮಾ ಇರುವ ಮಕ್ಕಳಿಗೆ ಕೆಮ್ಮು. ಯಂತ್ರಕ್ಕೋಸ್ಕರ ಅಲಾರಂ ಬ್ಯಾಟರಿ ತೆಗೆಯುವವರನ್ನು ನೋಡಿದ್ದೇನೆ, ಅದಂತೂ ಶುದ್ಧ ಹುಚ್ಚು. ಡ್ರೈ ಐಸ್ ಕೂಡ ಬೇಡ. ಅದು ಮೈನಸ್ 78 ಡಿಗ್ರಿಯ ಗಟ್ಟಿ ಕಾರ್ಬನ್ ಡೈಆಕ್ಸೈಡ್. ಮುಟ್ಟಿದರೆ ಚರ್ಮ ಸುಡುತ್ತದೆ, ಗಾಳಿಯಾಡದ ಜಾಗದಲ್ಲಿ ಉಸಿರು ಕಟ್ಟುತ್ತದೆ. ಪಟಪಟ ಮಿಂಚುವ ಸ್ಟ್ರೋಬ್ ಲೈಟೂ ಬೇಡ, ಕೆಲವು ಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು. ಹೆದರಿಸಲು ಇವೆಲ್ಲಕ್ಕಿಂತ ಸದ್ದು ಒಳ್ಳೆಯದು. ಅದೂ ಕಿರುಚಾಟದ ರೆಕಾರ್ಡ್ ಅಲ್ಲ. ಪರದೆಯ ಹಿಂದೆ ಯಾರೋ ಮೆಲ್ಲಗೆ ಒಳಕಲ್ಲು ತಿರುಗಿಸುವ ಹಾಗೆ ಒಂದು ಸದ್ದು, ಬಂದು ನಿಲ್ಲಬೇಕು. ನಿಂತಾಗಲೇ ಮಕ್ಕಳು ಕಿವಿ ನಿಮಿರಿಸುವುದು.

ಅತ್ತೆಯವರ ಬೇಸರವನ್ನು ಪಕ್ಕಕ್ಕೆ ತಳ್ಳಬೇಡಿ. ಅವರ ಮಾತಿನಲ್ಲಿ ಒಂದು ಮರ್ಯಾದೆ ಇದೆ. ಮೊದಲಿಗೆ, ಇದು ಗ್ಯಾರೇಜಿನಲ್ಲಿ, ಮನೆಯೊಳಗಲ್ಲ ಅಂತ ಹೇಳಿ. ಆಮೇಲೆ ಅವರಿಗೂ ಒಂದು ಕೆಲಸ ಕೊಡಿ. ಗ್ಯಾರೇಜಿನಿಂದ ಮನೆಯೊಳಕ್ಕೆ ಬರುವ ಬಾಗಿಲು ಇದೆಯಲ್ಲ, ಅದರ ಮೇಲೆ ಅವರ ಕೈಯಲ್ಲೇ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆಸಿ. 1990ರ ದಶಕದಲ್ಲಿ ನಮ್ಮ ಕಡೆ ಬೀದಿ ಬೀದಿಯ ಬಾಗಿಲ ಮೇಲೆ ಇದ್ದ ಬರಹ ಅದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದೆ ಹೋಗಿ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹಿಂದೆ ಹೋಗುತ್ತಿತ್ತು. ಅವರಿಗೆ ಖಂಡಿತ ನೆನಪಿರುತ್ತದೆ. ದೆವ್ವ ಗ್ಯಾರೇಜ್ ದಾಟುವುದಿಲ್ಲ ಎಂಬ ಗ್ಯಾರಂಟಿಯೂ ಆಯಿತು, ಕನ್ನಡ ಶಾಲೆಯ ಮಕ್ಕಳಿಗೆ ಓದಲು ಎರಡು ಪದವೂ ಸಿಕ್ಕಿತು. ಆ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿ ಅವರನ್ನೇ ಕೂರಿಸಿ, ಹೊರಬಂದ ಮಕ್ಕಳಿಗೆ ಈ ಕಥೆ ಹೇಳಲಿ. ಕುಂಬಳಕಾಯಿ ದೀಪ ತೋರಿಸಿ ಇದು ಇಲ್ಲಿಯವರ ಕೊಳ್ಳಿದೆವ್ವ ಅಂತಲೂ ಹೇಳಬಹುದು. ಸುಳ್ಳಲ್ಲ. ಜ್ಯಾಕ್-ಒ-ಲ್ಯಾಂಟರ್ನ್ ಎಂಬ ಹೆಸರು ಜೌಗು ನೆಲದ ಮೇಲೆ ರಾತ್ರಿ ಕಾಣುವ ಅಲೆಮಾರಿ ಬೆಳಕಿಗೂ ಇತ್ತು. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದರು, ಅಲ್ಲಿಂದ ವಲಸೆ ಬಂದವರಿಗೆ ಇಲ್ಲಿ ಕುಂಬಳಕಾಯಿ ಸಿಕ್ಕಿತು. ದೃಷ್ಟಿಗೆ ಬೂದುಗುಂಬಳಕ್ಕೆ ಮುಖ ಬರೆದು ಮನೆ ಮುಂದೆ ಕಟ್ಟುವ ನಾವು ಇದಕ್ಕೆ ಅಷ್ಟೇನೂ ಹೊರಗಿನವರಲ್ಲ.

ಒಂದು ಮಾತ್ರ ನೆನಪಿಡಿ. ‘ನಮ್ಮದೇ ಏನಾದರೂ ಇರಲಿ’ ಅಂತ ಹೇಳಿ ತುಳುನಾಡಿನ ದೈವಗಳ ಮುಖ, ಕೋಲದ ವೇಷ ತರಬೇಡಿ. ಅಲ್ಲಿನವರಿಗೆ ಅದು ದೇವರು, ದೆವ್ವ ಅಲ್ಲ. ಹಾಗೆಯೇ ನೇಣಿನ ಹಗ್ಗ, ರಕ್ತದ ಕೈ, ಹುಚ್ಚಾಸ್ಪತ್ರೆ ದೃಶ್ಯ, ಬಂದೂಕು ಬೇಡ. ಬಂದವರಲ್ಲಿ ಯಾರ ಮನೆಯಲ್ಲಿ ಏನಾಗಿದೆಯೋ ನಮಗೆ ಗೊತ್ತಿರುವುದಿಲ್ಲ.

ಕ್ಯಾಂಡಿ ವಿಷಯ ಬೇಗ ಮುಗಿಸುತ್ತೇನೆ. ಗಮಿ, ಮಾರ್ಷ್‌ಮ್ಯಾಲೋ, ಕ್ಯಾಂಡಿ ಕಾರ್ನ್ ಇವುಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅಂದರೆ ಪ್ರಾಣಿಯದ್ದು. ಕನ್ನಡ ಶಾಲೆಯ ಅರ್ಧ ಮಕ್ಕಳು ತಿನ್ನುವಂತಿಲ್ಲ. ಪ್ಯಾಕೆಟ್ ಹಿಂದೆ ಓದಿ ತನ್ನಿ. ಅಲರ್ಜಿ ಇರುವ ಮಕ್ಕಳಿಗೆ ಸ್ಟಿಕ್ಕರ್, ಪೆನ್ಸಿಲ್ ಒಂದು ಬುಟ್ಟಿಯಲ್ಲಿಟ್ಟು, ಮನೆ ಮುಂದೆ ಹಸಿರು-ನೀಲಿ ಬಣ್ಣದ ಒಂದು ಕುಂಬಳಕಾಯಿ ಇಡಿ. 2014ರಿಂದ ಅಮೆರಿಕದಾದ್ಯಂತ ಅದು ‘ಇಲ್ಲಿ ತಿಂಡಿಯಲ್ಲದ ಉಡುಗೊರೆ ಸಿಗುತ್ತದೆ’ ಎಂಬ ಗುರುತು.

150 ಡಾಲರಿನಲ್ಲಿ ಆಗುತ್ತದೆಯೇ? ನನ್ನ ಲೆಕ್ಕದಲ್ಲಿ ಬ್ಲ್ಯಾಕ್‌ಲೈಟ್ ಎರಡಕ್ಕೆ 40, ಪರದೆಯ ಶೀಟಿಗೆ 35, ಅದನ್ನು ಕಟ್ಟಲು ಪಿವಿಸಿ ಪೈಪು 25, ಅಕ್ರಿಲಿಕ್ 25, ಟಾರ್ಚುಗಳು 20. ಐದು ಡಾಲರ್ ಉಳಿಯುತ್ತದೆ, ಶಾವಿಗೆ ತನ್ನಿ. ಮಗ 12 ಅಡಿ ಅಸ್ಥಿಪಂಜರ ಕೇಳುತ್ತಾನೆ. ಹೋಮ್ ಡಿಪೋ ಅಂಗಡಿ 2020ರಲ್ಲಿ ಅದನ್ನು 299 ಡಾಲರಿಗೆ ತಂದಾಗಿನಿಂದ ಎಲ್ಲ ಮಕ್ಕಳೂ ಕೇಳುತ್ತಾರೆ. ಅದು ಗ್ಯಾರೇಜಿನೊಳಗೆ ಹಿಡಿಸುವುದಿಲ್ಲ ಅಂತ ಹೇಳಿ, ನಿಜವೇ. ಉಳಿದ ಹನ್ನೊಂದು ತಿಂಗಳು ಅದನ್ನು ಎಲ್ಲಿ ಮಲಗಿಸುತ್ತೀರಿ?

ಎಂಟೂವರೆಗೆ ಎಲ್ಲ ಲೈಟ್ ಹಾಕಿ, ದೊಡ್ಡ ಬಾಗಿಲು ಪೂರ್ತಿ ಎತ್ತಿ, ಉಳಿದ ಮಕ್ಕಳನ್ನೆಲ್ಲ ಒಳಗೆ ಬಿಡಿ. ಫ್ಯಾನ್ ಎಲ್ಲಿತ್ತು, ಟ್ಯಾಬ್ಲೆಟ್ ಎಲ್ಲಿ ಅಡಗಿತ್ತು, ಶಾವಿಗೆ ಪೆಟ್ಟಿಗೆಯಲ್ಲಿ ಏನಿತ್ತು, ಎಲ್ಲ ತೋರಿಸಿ. ಚಿಕ್ಕವರು ರಾತ್ರಿ ಮಲಗುವಾಗ ನೆನಪಾಗುವುದು ಈ ಕೊನೆಯ ಹತ್ತು ನಿಮಿಷ. ಅಂಗಳದ ಗಿಡಗಳ ಮೇಲೆ ಹತ್ತಿಯ ಜೇಡರ ಬಲೆ ಹಾಕಿದ್ದರೆ ಆ ರಾತ್ರಿಯೇ ತೆಗೆಯಿರಿ, ಹಕ್ಕಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಪಂಚೆಗಳ ಮೇಲಿನ ಕಣ್ಣು ಮಾರ್ಕರಿನದ್ದಾದರೆ ಹೋಗುವುದಿಲ್ಲ. ಮೊದಲೇ ಕಪ್ಪು ಕಾಗದ ಕತ್ತರಿಸಿ ಪಿನ್ ಹಾಕಿಬಿಡಿ. ಇಲ್ಲದಿದ್ದರೆ ಮಾವನವರಿಗೆ ಉತ್ತರ ಹೇಳಬೇಕಾದವರು ನೀವು.